ವಿಕೆಟ್ ಖಾನೆಯಲ್ಲಿ ಗೋಲು

ಒಂಬತ್ತು ವರ್ಷದಿಂದ ಈ ಹುಲ್ಲಿನಲ್ಲಿ
ಕುಕ್ಕರುಗಾಲಲ್ಲಿ ಕೂತಿದ್ದೇನೆ.
ಗರಿಕೆ ಇರಬೇಕು, ಜೇಕು ಹೋಗಬೇಕು.
ಕಣ್ಣು ಮುಚ್ಚಿದರೂ ಬೆರಳಿಗೆ ತಿಳಿಯುತ್ತದೆ.
ಮ್ಯಾಚಿನ ದಿನ ಮಾತ್ರ ನಮಗೆ ರಜೆ.
ಗೇಟಿನ ಪೊಲೀಸಿಗೆ ನನ್ನ ಬುಟ್ಟಿ ಗೊತ್ತು,
ಮುಖ ಗೊತ್ತಿಲ್ಲ.

ಫುಟ್‌ಬಾಲಿನವರ ಮೈದಾನಕ್ಕೆ ರಿಪೇರಿಯಂತೆ.
ಕಾಲೇಜು ಹುಡುಗರ ಫೈನಲ್ಲು ಇಲ್ಲಿಗೆ ಬಂತು,
ಮನೆಗೆ ಸುಣ್ಣ ಬಳಿಯುವಾಗ
ಪಾತ್ರೆ ಪರಟಿ ಹೊತ್ತು
ನೆಂಟರ ಮನೆಗೆ ಬರುವ ಹಾಗೆ.

ಗೋಲುಕಂಬ ಟೆಂಪೋದಲ್ಲಿ ಬಂತು, ತುಂಡುತುಂಡಾಗಿ.
ಗುಂಡಿ ತೋಡುವ ಹಾಗಿಲ್ಲ ಎಂದರು ಮೇಲಿನವರು.
ಮರಳುಮೂಟೆ ಒರಗಿಸಿ ನಿಲ್ಲಿಸಿದೆವು,
ಗಾಳಿ ಬಂದಾಗ ತೂಕಡಿಸುತ್ತಿದ್ದವು.
ಸುಣ್ಣದ ಗಾಡಿ ತಳ್ಳಿದವನು ನಮ್ಮ ಅಂತೋಣಿ.
ಇಪ್ಪತ್ತು ವರ್ಷ ಕ್ರೀಸು ಗೀಚಿದ ಕೈ,
ನೇರ ಗೆರೆಯೆಂದರೆ ಅವನಿಗೆ ಎರಡು ಮಾರು.
ಐವತ್ತು ಹೆಜ್ಜೆ ಹೋಗುವಷ್ಟರಲ್ಲಿ ಬಾಗಿತು.
"ದುಂಡಗಿನ ಜಾಗ ಅಲ್ವಾ, ಅದಕ್ಕೇ ಅಭ್ಯಾಸ" ಎಂದ
ಗೆರೆಯ ಪರವಾಗಿ.

ಪಿಚ್ಚಿನ ಮುನಿಯೆಲ್ಲಪ್ಪ ಹಿಂದಿನ ರಾತ್ರಿ ಊಟ ಬಿಟ್ಟ.
ಆಟ ಶುರುವಾಗುವುದೇ ಅಲ್ಲಿ,
ಅವನು ಮಗುವಿನಂತೆ ನೀರೆರೆದು ಒಣಗಿಸಿದ ಜೇಡಿಯ ಮೇಲೆ.
ಇಪ್ಪತ್ತೆರಡು ಗಜ, ಇಪ್ಪತ್ತೆರಡು ಹುಡುಗರು,
ತಲೆಗೊಂದು ಗಜ, ಲೆಕ್ಕ ಸರಿಹೋಯ್ತಲ್ಲ ಅಂದೆ.
ನಗಲಿಲ್ಲ.
ಸೈಟ್‌ಸ್ಕ್ರೀನಿನ ಹಿಂದೆ ಹೋಗಿ ಬೆನ್ನು ಹಾಕಿ ಕೂತ.
ಬೀಡಿ ಹಚ್ಚದೆ ಬರೀ ಕಡ್ಡಿ ಗೀರುತ್ತಿದ್ದ.

ನನ್ನನ್ನು ಯಾರೂ ಪಾಸು ಕೇಳಲಿಲ್ಲ.
ಮೆಟ್ಟಿಲು ಹತ್ತಿದೆ. ನೀಲಿ ಕುರ್ಚಿ,
ಟಿಕೆಟ್ಟಿಗೆ ನನ್ನ ಒಂದು ತಿಂಗಳ ಕೂಲಿಯಂತೆ.
ಸೆರಗಲ್ಲಿ ಧೂಳೊರೆಸಿ ಕೂತೆ.
ಕೆಳಗೆ ನನ್ನ ಹುಲ್ಲು.
ಇಷ್ಟು ಹಸಿರೆಂದು ಗೊತ್ತೇ ಇರಲಿಲ್ಲ,
ಹತ್ತಿರದಿಂದ ಅದು ಬರೀ ಕೆಲಸ.

ಮೂವತ್ತು ಸಾವಿರ ಕುರ್ಚಿಗೆ ನಾನೂರು ಜನ.
ಗೌತಮಪುರದಿಂದ ಬಂದ ಒಂದು ತಮಟೆ
ಬಡಿದವನಿಗಿಂತ ತಡವಾಗಿ
ಎದುರಿನ ಖಾಲಿ ಸ್ಟ್ಯಾಂಡಿನಲ್ಲಿ ಬಡಿಯುತ್ತಿತ್ತು.
ತಮಿಳಲ್ಲಿ ಬೈದದ್ದು, ಉರ್ದುವಲ್ಲಿ ಕರೆದದ್ದು,
ಎಲ್ಲಾ ಎರಡೆರಡು ಸಲ ಕೇಳಿತು.

ಆಮೇಲೆ ಒಂದು ಉದ್ದನೆಯ ಹೊಡೆತ.
ಹುಲ್ಲಲ್ಲಿ ಬಿದ್ದಿದ್ದರೆ ಮಲಗುತ್ತಿತ್ತು.
ಬಿದ್ದದ್ದು ಪಿಚ್ಚಿನ ಗಟ್ಟಿಮಣ್ಣಿಗೆ,
ಕೆಂಪು ಚೆಂಡಿಗೆ ಕಲಿಸಿದ್ದನ್ನೇ
ಇದಕ್ಕೂ ಕಲಿಸಿತು ನೆಲ.
ಪುಟಿದು ಎಲ್ಲರ ತಲೆ ದಾಟಿತು.
ಆರೋಗ್ಯದಾಸ್ ಅಂತೆ ಆ ಹುಡುಗ, ಮೊಣಕೈಗೆ ಬ್ಯಾಂಡೇಜು,
ಒಬ್ಬನೇ ಓಡಿದ.

ಸ್ಕೋರ್‌ಬೋರ್ಡಿಗೆ ಗೋಲೆಂದರೆ ಗೊತ್ತಿಲ್ಲ.
ಮೇಲೆ ಕೂತ ಆಪರೇಟರ್ ಒಂದು ಗಳಿಗೆ ಯೋಚಿಸಿ
ವಿಕೆಟ್ ಖಾನೆಗೆ ಒಂದು ಒತ್ತಿದ,
ನಿಮಿಷವನ್ನು ಓವರಿಗೆ ಹಾಕಿದ.
ಮೂವತ್ತೆಂಟು ಓವರ್, ಒಂದು ವಿಕೆಟ್,
ರನ್ ಸೊನ್ನೆ.
ಕೊನೆಯವರೆಗೂ ಅಷ್ಟೇ.

ಹುಡುಗ ವಾಪಸು ಓಡಿ ಬಂದು
ಮಂಡಿಯೂರಿ ಪಿಚ್ಚಿಗೆ ಹಣೆ ಮುಟ್ಟಿಸಿದ.
ತಮಟೆಗೆ ತಿರುಗದ ಮುನಿಯೆಲ್ಲಪ್ಪ
ಆ ಮೌನಕ್ಕೆ ತಿರುಗಿ ನೋಡಿದನಂತೆ.
"ಬೂಟು ಬಿಚ್ಚಿ ಕೈ ಮುಗಿಯೋಕಾಗಲ್ವೇನೋ"
ಅಂತ ಗೊಣಗಿ, ಬೀಡಿ ಹಚ್ಚಿದನಂತೆ.

ಮಾರನೆ ದಿನ ಬೂಟಿನ ತೂತುಗಳು.
ಒಂದೊಂದಕ್ಕೂ ಒಂದು ಚಿಟಿಕೆ ಮಣ್ಣು, ಹೆಬ್ಬೆರಳಲ್ಲಿ ಒತ್ತು.
ಎಷ್ಟಿದ್ದವು ಎಂದರೆ ನಾಲ್ಕು ದಿನದ ಕೂಲಿಯಷ್ಟು.
ಸುಣ್ಣ ತೊಳೆದೆವು. ಬಾಗಿದ ಗೆರೆಯೂ ಹೋಯಿತು.
ಪೆನಾಲ್ಟಿಯ ಚುಕ್ಕೆ ಮಾತ್ರ ಹೋಗಲಿಲ್ಲ,
ಇಲ್ಲ, ನಾನೇ ಬಿಟ್ಟೆನೋ.

ಹದಿನೈದು ದಿನಕ್ಕೆ ದೊಡ್ಡ ಮ್ಯಾಚು, ನಮಗೆ ರಜೆ.
ಟೀ ಅಂಗಡಿಯ ಟಿವಿಯಲ್ಲಿ
ಒಬ್ಬ ಫೀಲ್ಡರು ಸರಿಯಾಗಿ ಅದರ ಮೇಲೆ ನಿಂತು
ಅಂಗೈ ಉಜ್ಜಿಕೊಳ್ಳುತ್ತಿದ್ದ.
ನೋಡಿ, ಅವನ ಕಾಲ ಹತ್ತಿರ, ಬಿಳಿ, ಅಂದೆ.
ಅಂಗಡಿಯವನು ಕಣ್ಣು ಕಿರಿದು ಮಾಡುವಷ್ಟರಲ್ಲಿ
ಕ್ಯಾಮೆರಾ ಮೇಲೆ ಹೋಯಿತು,
ಜನ, ಬಾವುಟ, ನೀಲಿ ಕುರ್ಚಿಗಳು.
ನನ್ನದರಲ್ಲಿ ಯಾರೋ ಕೂತಿದ್ದರು.